ಬಚ್ಚಲಿಲ್ಲದ ಹೆರಿಗೆ ಮನೆ

ನಾನು ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ಇಳಿದ ದಿನ ನನ್ನನ್ನು ಎದುರುಗೊಳ್ಳಲು ಸೇವಾ ಸಂಘದ ಗಂಡಸರು ಹಾರ ಹಿಡಿದುಕೊಂಡು ಬಂದಿದ್ದರು. ಬಂದಿದ್ದೇನೋ ಸರಿ. ಆದರೆ ಹೆರಿಗೆ ಮಾಡಿಸುವ ಹೆಂಗಸಿಗೆ, ಅದೂ ಗಂಡ ಸತ್ತವಳಿಗೆ, ಹಾರವನ್ನು ಕೊರಳಿಗೆ ಹಾಕಬೇಕೋ ಕೈಗೆ ಕೊಡಬೇಕೋ ಎಂಬುದು ಅವರಲ್ಲೇ ತೀರ್ಮಾನವಾಗಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅದನ್ನು ನನ್ನ ಟ್ರಂಕಿನ ಮೇಲೆ ಇಟ್ಟರು. ಕೂಲಿಯವನು ಟ್ರಂಕನ್ನೂ ಹಾರವನ್ನೂ ತಲೆಯ ಮೇಲೆ ಹೊತ್ತು ಮುಂದೆ ನಡೆದ. ಅವನ ಹಿಂದೆ ನಾನು, ನನ್ನ ಹಿಂದೆ ಸಂಘ.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು, ಬಟ್ಟೆಗೆ ಸಾಲು. ಅಂಥ ದಿನಗಳಲ್ಲೂ ಈ ಸಂಘ ಸುಮ್ಮನೆ ಕೂತಿರಲಿಲ್ಲ. ಅಧ್ಯಕ್ಷರು ಅಮಲ್ದಾರಿಕೆಯಿಂದ ನಿವೃತ್ತರಾದವರು. ಆವತಿಯ ಕಡೆ ಹೊಲಗದ್ದೆ ಇದ್ದ ಒಕ್ಕಲು ಮನೆತನದವರು. ಕಾರ್ಯದರ್ಶಿ ಮಿಡ್ಲ್ ಸ್ಕೂಲಿನ ಹೆಡ್ ಮಾಸ್ತರು. ಉಳಿದವರು ವಕೀಲರು, ಜವಳಿ ವ್ಯಾಪಾರಿಗಳು. ಬೇಸಿಗೆಯಲ್ಲಿ ರೈಲಿನ ಪ್ರಯಾಣಿಕರಿಗೆ ನೀರು ಕೊಡುವುದು, ನೇಕಾರರಿಗೆ ರಾತ್ರಿ ಶಾಲೆ ನಡೆಸುವುದು, ಕಾಲರಾ ಬಂದಾಗ ಬಾವಿಗೆ ಔಷಧಿ ಹಾಕಿಸುವುದು ಎಲ್ಲ ಇವರದೇ. ರಸ್ತೆಬದಿಯಲ್ಲಿ ಹೊಂಗೆ ಸಸಿ ನೆಟ್ಟು ಊರಿನ ಮೇಕೆಗಳನ್ನು ಕೊಬ್ಬಿಸಿದ್ದೂ ಇವರೇ. ನಾನು ಇವರನ್ನು ನೆನೆದು ಈಗಲೂ ನಗುತ್ತೇನೆ, ಆದರೆ ಹಗುರವಾಗಿ ಆಡುವುದಿಲ್ಲ. ಪ್ಲೇಗು ಬಂದ ವರ್ಷ ಸ್ವಂತದವರೇ ಮನೆ ಬಿಟ್ಟು ಓಡಿದಾಗ ಹೆಣಕ್ಕೆ ಹೆಗಲು ಕೊಟ್ಟವರು ಇದೇ ಜನ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು.

ಅವರ ಹೊಸ ಕೆಲಸವೇ ಹೆರಿಗೆ ಮನೆ. ಊರಿನ ಅಂಚಿನಲ್ಲಿ, ಮಗ್ಗದ ಬೀದಿ ಮುಗಿಯುವ ಕಡೆ, ಬೆಳ್ಳಗೆ ಸುಣ್ಣ ಬಳಿದು ಕಟ್ಟಿಸಿದ್ದರು. ಕಾರ್ಯದರ್ಶಿಗಳು ಬಾಗಿಲಿನ ಬೀಗ ತೆಗೆದು, ನಾನು ಒಳಗೆ ಹೋಗುವುದನ್ನು ಮದುವೆ ಮನೆಯ ಯಜಮಾನರ ಹಾಗೆ ಕೈ ಕಟ್ಟಿಕೊಂಡು ನೋಡಿದರು. ಕಬ್ಬಿಣದ ಮಂಚಗಳು, ಬಿಳಿಯ ಹಾಸಿಗೆ, ಗಾಜಿನ ಬೀರು, ಕಿಟಕಿಗೆ ಪರದೆ. ನನಗೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೇ ಇಲ್ಲಿಗೆ ಬಂದು ಕೂತ ಹಾಗೆ ಕಂಡಿತು. ಎಲ್ಲ ನೋಡಿ ಹಿಂದಿನ ಬಾಗಿಲು ತೆಗೆದೆ. ಹಿಂದೆ ಬಯಲು.

"ಬಚ್ಚಲು ಎಲ್ಲಿದೆ ಸ್ವಾಮಿ?" ಎಂದೆ.

ಅವರು ಮೂಲೆಯಲ್ಲಿ ಸ್ಟ್ಯಾಂಡಿನ ಮೇಲಿದ್ದ ಪಿಂಗಾಣಿ ಬೋಗುಣಿಯನ್ನು ತೋರಿಸಿದರು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದೇ ಈಗಿನ ಪದ್ಧತಿ, ವಿಲಾಯತಿ ಪುಸ್ತಕದಲ್ಲಿ ಚಿತ್ರ ಸಮೇತ ಇದೆ, ಅದನ್ನು ನೋಡಿಯೇ ಕಟ್ಟಿಸಿದ್ದು ಎಂದರು.

ನಮ್ಮ ಕಡೆ ಬಾಣಂತಿಗೆ ನೀರು ಹುಯ್ಯುವುದೆಂದರೆ ಏನೆಂದು ತಿಳಿಯದವರು ಯಾರಿದ್ದಾರೆ? ದೊಡ್ಡ ತಾಮ್ರದ ಹಂಡೆಯಲ್ಲಿ ಲಕ್ಕಿಸೊಪ್ಪು ಹಾಕಿ ನೀರು ಕಾಯಿಸಬೇಕು. ಕೈ ಪಳಗಿದ ಹೆಂಗಸೊಬ್ಬಳು ಸೊಂಟಕ್ಕೆ ಚೊಂಬು ಚೊಂಬಾಗಿ ಎರಚಿ ಹುಯ್ಯಬೇಕು. ಮೈಯ ನೋವೆಲ್ಲ ಆ ನೀರಿನ ಜೊತೆ ಹರಿದು ಹೋಗಬೇಕು. ಅದಿಲ್ಲದ ಬಾಣಂತನ ಬಾಣಂತನವೇ ಅಲ್ಲ. ಆದರೆ ಮನೆಯಲ್ಲಿ ನೀರು ಹುಯ್ಯುವ ಹೊತ್ತಿಗೆ ಗಂಡಸರು ಎದ್ದು ಜಗಲಿಗೆ ಹೋಗಿಬಿಡುತ್ತಾರೆ. ಈ ಹೆರಿಗೆ ಮನೆಯನ್ನು ಕಟ್ಟಿಸಿದವರು ಜಗಲಿಯಲ್ಲಿ ಕೂತಿದ್ದವರು. ಮಂಚ ಹೊಳೆಯಿತು, ಬೀರು ಹೊಳೆಯಿತು, ಹಂಡೆ ಯಾರ ತಲೆಗೂ ಹೊಳೆಯಲಿಲ್ಲ.

"ಬಚ್ಚಲಿಲ್ಲದ ಮನೆಗೆ ಯಾವ ಬಸುರಿಯೂ ಬರೋದಿಲ್ಲ" ಎಂದು ನಾನು ಆಗಲೇ ಹೇಳಿದೆ. "ನಿಧಾನವಾಗಿ ಜನ ತಿದ್ದಿಕೊಳ್ತಾರಮ್ಮ" ಎಂದರು ಕಾರ್ಯದರ್ಶಿಗಳು.

ಜನ ತಿದ್ದಿಕೊಳ್ಳುವವರೆಗೆ ಕಾಯಲು ನನಗೆ ಪುರುಸೊತ್ತಿರಲಿಲ್ಲ. ನನ್ನ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಂಡ ತೀರಿಕೊಂಡ ಮೇಲೆ ಹೊಸಕೋಟೆಯ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಕೆಟ್ಟವನಲ್ಲ. ಅತ್ತಿಗೆ ನನ್ನನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಸುಮ್ಮನೆ ಮನೆಯ ಮೂಲೆಯಲ್ಲಿ ಒಂದು ಒನಕೆ ಇದ್ದ ಹಾಗೆ ನಾನೂ ಇದ್ದೆ, ಬೇಕಾದಾಗ ಎತ್ತಿಕೊಳ್ಳುತ್ತಿದ್ದರು. ಹಟ ಮಾಡಿ, ಊಟ ಬಿಟ್ಟು, ಬೆಂಗಳೂರಿಗೆ ಹೋಗಿ ಈ ಕೆಲಸ ಕಲಿತೆ. ಹೊರಡುವಾಗ ಅಣ್ಣ, "ಆಗ್ದೇ ಇದ್ರೆ ವಾಪಸ್ ಬಂದ್ಬಿಡು, ಅಡುಗೆ ಮನೆ ಎಲ್ಲೂ ಓಡಿಹೋಗಲ್ಲ" ಎಂದಿದ್ದ. ಅವನು ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ಜೈಲಿನ ಬಾಗಿಲು ತೆರೆದೇ ಇದೆ ಎಂದ ಹಾಗೆ ಕೇಳಿಸಿತು. ಈ ಹೆರಿಗೆ ಮನೆ ನಡೆದರೆ ನಾನು ನನ್ನ ಕಾಲ ಮೇಲೆ ನಿಲ್ಲುತ್ತೇನೆ, ಮುಚ್ಚಿದರೆ ಮತ್ತೆ ಆ ಮೂಲೆ. ಇಷ್ಟೇ ಲೆಕ್ಕ.

ಸೀರೆಯ ಸೆರಗು ಸಿಕ್ಕಿಸಿ ಬೀದಿ ಬೀದಿ ತಿರುಗಿದೆ. ಮಗ್ಗದ ಸದ್ದು ಕೇಳಿದ ಮನೆಗೆಲ್ಲ ಹೊಕ್ಕೆ. ಮಜ್ಜಿಗೆ ಕೊಟ್ಟರು, ಎಲೆ ಅಡಿಕೆ ಕೊಟ್ಟರು, ಮಕ್ಕಳ ಕೆಮ್ಮಿಗೆ ಔಷಧಿ ಕೇಳಿದರು. ಬಸುರಿಯರ ಮಾತು ತೆಗೆದರೆ ಮಾತ್ರ ಮಾತು ತಿರುಗಿಸಿದರು. ಸಾಸಲಿನ ಕಡೆಯ ಹಳ್ಳಿಗಳಿಗೆ ಗಾಡಿಯಲ್ಲಿ ಹೋದಾಗಲೂ ಇದೇ ಕಥೆ.

ಒಂದು ದಿನ ಮಗ್ಗದ ಬೀದಿಯ ಒಬ್ಬ ಅಜ್ಜಿ ತಾನಾಗಿಯೇ ಹೆರಿಗೆ ಮನೆ ನೋಡಲು ಬಂದಳು. ಆ ಬೀದಿಯ ಬಾಣಂತಿಯರಿಗೆಲ್ಲ ನೀರು ಹುಯ್ಯುವವಳು ಅವಳೇ. ಎತ್ತು ಕೊಳ್ಳುವವರ ಹಾಗೆ ಮಂಚವನ್ನು ಸುತ್ತಿ ಬಂದಳು, ಹಾಸಿಗೆಯನ್ನು ಅದುಮಿದಳು, ಬೋಗುಣಿಯ ಮುಂದೆ ನಿಂತಳು.

"ಇದೇನವ್ವಾ?"

"ಬಾಣಂತಿಗೆ ಮೈ ಒರೆಸೋಕೆ."

ಅಜ್ಜಿ ಬಾಯಿಗೆ ಸೆರಗು ಒತ್ತಿ ನಕ್ಕಳು. "ನಮ್ಮನೆ ಬೆಕ್ಕು ಈದ್ರೆ ತರ್ತೀನಿ ಕಣವ್ವ, ಅದ್ಕೆ ಇಷ್ಟು ನೀರು ಸಾಕು" ಎಂದು ಹೊರಟುಹೋದಳು. ಆ ಮಾತು ಸಂಜೆಯೊಳಗೆ ಊರೆಲ್ಲ ಹರಡಿತು. ಮರುದಿನದಿಂದ ನಾನು ಬೀದಿಯಲ್ಲಿ ಹೋದರೆ ಹೆಂಗಸರು ಬೆಕ್ಕಿನ ಕ್ಷೇಮ ವಿಚಾರಿಸತೊಡಗಿದರು.

ಹೀಗೆ ತಿಂಗಳುಗಳು ಉರುಳಿದವು. ಮಂಚದ ಮೇಲೆ ಒಬ್ಬಳೂ ಮಲಗಲಿಲ್ಲ. ಸಂಘದಲ್ಲಿ ಗುಸುಗುಸು ಶುರುವಾಯಿತು. ವಕೀಲರ ಗುಂಪಿಗೆ ಮೊದಲಿನಿಂದಲೂ ಅಲ್ಲಿ ಒಂದು ವಾಚನಾಲಯ ಬೇಕಾಗಿತ್ತು, ಪತ್ರಿಕೆ ಓದಿ ಯುದ್ಧವನ್ನು ಕೂತಲ್ಲೇ ಗೆಲ್ಲಲು. ಯುಗಾದಿಯವರೆಗೆ ನೋಡೋಣ, ಅಷ್ಟರಲ್ಲಿ ಒಂದು ಹೆರಿಗೆಯೂ ಆಗದಿದ್ದರೆ ಮಂಚಗಳನ್ನು ಮಾರಿ ಮೇಜು ಕುರ್ಚಿ ತರೋಣ ಎಂದು ಗೊತ್ತುಮಾಡಿದರು. ನನಗೆ ಈ ಸುದ್ದಿ ತಂದವರು ಕಾರ್ಯದರ್ಶಿಗಳೇ. ಪಾಪ, ತುಂಬ ಸಂಕಟಪಟ್ಟುಕೊಂಡು ಹೇಳಿದರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು, ಅಂಗಾಲಿನಿಂದ ನೆತ್ತಿಯವರೆಗೆ.

ಮುಂದಿನ ಸಭೆಗೆ ನಾನೇ ಹೋದೆ. ಸಂಘದ ಸಭೆಗೆ ಹೆಂಗಸು ಕಾಲಿಟ್ಟದ್ದು ಅದೇ ಮೊದಲು. ಕೂರಿ ಎನ್ನಲೂ ಅವರಿಗೆ ತೋಚಲಿಲ್ಲ, ನಿಂತೇ ಮಾತಾಡಿದೆ.

"ಒಂದು ಬಚ್ಚಲು ಕಟ್ಟಿಸಿ, ಒಂದು ಹಂಡೆ ಕೂರಿಸಿ. ಆಮೇಲೂ ಯಾರೂ ಬರದಿದ್ರೆ ನಾನೇ ಬೀಗ ಹಾಕಿ ಕೀ ಕೊಡ್ತೀನಿ" ಎಂದೆ.

ವಕೀಲರೊಬ್ಬರು, "ಈ ಹಳೇ ಕಂದಾಚಾರಾನ ತಪ್ಪಿಸೋಕೇ ಅಲ್ವೇನಮ್ಮ ಇಷ್ಟೆಲ್ಲ ಮಾಡಿದ್ದು? ಕಲಿತವಳು ನೀನೇ ಹೀಗಂದ್ರೆ ಹೇಗೆ?" ಎಂದರು.

"ಕಂದಾಚಾರ ಯಾವುದು, ಮೈಗೆ ಹಿತ ಯಾವುದು ಅನ್ನೋದು ಹೆತ್ತವರಿಗೆ ಗೊತ್ತು. ಸುಡುನೀರು ಹುಯ್ಯೋಕೆ ನಾನು ಬಿಡಲ್ಲ, ಕೈಯಿಟ್ಟು ನೋಡಿ ಹುಯ್ಯಿಸ್ತೀನಿ. ನೀರೇ ಬೇಡ ಅನ್ನೋಕೆ ನನಗೂ ಬಾಯಿ ಬರಲ್ಲ."

ಅಧ್ಯಕ್ಷರು ಅಮಲ್ದಾರಿ ದನಿಯಲ್ಲಿ, "ಜನಕ್ಕೆ ನಂಬಿಕೆ ಬರೋ ಹಾಗೆ ತಿಳಿಸಿ ಹೇಳ್ಬೇಕಮ್ಮ" ಎಂದರು.

ಅವರ ಮಗಳು ಬಾಣಂತನಕ್ಕೆಂದು ತವರಿಗೆ ಬಂದಿರುವುದು ಊರಿಗೆಲ್ಲ ಗೊತ್ತಿತ್ತು. ಹೋದ ಸಲ ಅವಳಿಗೆ ಮನೆಯಲ್ಲೇ ಹೆರಿಗೆಯಾಗಿ, ಮಗು ಅಡ್ಡ ಸಿಕ್ಕಿಕೊಂಡು ಉಳಿದಿರಲಿಲ್ಲ. ಅದೂ ಗೊತ್ತಿತ್ತು. ನನ್ನ ಬಾಯಿ ನನ್ನ ಮಾತು ಕೇಳುವ ಬಾಯಲ್ಲ.

"ಹಾಗಾದ್ರೆ ನಿಮ್ಮ ಮಗಳನ್ನೇ ಮೊದಲು ಕಳಿಸಿಕೊಡಿ ಸ್ವಾಮಿ. ಜನಕ್ಕೆ ಅದಕ್ಕಿಂತ ನಂಬಿಕೆ ಬೇಕಾ?"

"ಅದು ಬೇರೆ ವಿಷಯ."

"ಬೇರೆ ಹೇಗೆ?"

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಕೋಲು ಎತ್ತಿಕೊಂಡು ಹೊರಗೆ ನಡೆದೇಬಿಟ್ಟರು. ಅವರ ಬೆನ್ನು ನೋಡುತ್ತ, ಹೋಯಿತು, ಹೊಸಕೋಟೆಯ ದಾರಿ ಹಿಡಿಯಬೇಕಾಯಿತು ಎಂದುಕೊಂಡೆ. ಆಡಿದ ಮಾತಿಗೆ ಮಾತ್ರ ನನಗೆ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ. ಈಗಲೂ ಇಲ್ಲ.

ಮರುದಿನ ಬೆಳಿಗ್ಗೆ ಹೆರಿಗೆ ಮನೆಯ ಮುಂದೆ ಕಮಾನುಗಾಡಿ ನಿಂತಿತು. ಇಳಿದವರು ಅಧ್ಯಕ್ಷರ ಹೆಂಡತಿ. ಅವರನ್ನು ನಾನು ಅದುವರೆಗೆ ಹತ್ತಿರದಿಂದ ನೋಡಿರಲಿಲ್ಲ. ದಪ್ಪ ಮೈ, ಕಾಸಿನಗಲ ಕುಂಕುಮ, ಹೊಲಮನೆ ಆಳಿದ ಹೆಂಗಸಿನ ನಡಿಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮ ಯಜಮಾನ್ರಿಗೆ ಎದುರು ಮಾತಾಡಿದೋಳು ನೀನೇ ಏನಮ್ಮಾ?"

"ಹೂಂ, ನಾನೇ."

"ನಾನು ಇಷ್ಟು ವರ್ಷದಿಂದ ಎದುರಾಡ್ತಾ ಇದೀನಿ, ಒಂದು ದಿನಾನೂ ಊಟ ಬಿಟ್ಟೋರಲ್ಲ. ನಿನ್ನೆ ಮುದ್ದೆ ಮುರೀಲೇ ಇಲ್ಲ." ಅಷ್ಟು ಹೇಳಿ ಅವರು ಮಂಚದ ಮೇಲೆ ಕೂತರು. ದನಿ ಇಳಿಯಿತು. "ಮಗು ಅಡ್ಡ ಬಂದ್ರೆ ತಿರುಗಿಸೋಕೆ ಬರ್ತದಾ ನಿಂಗೆ?"

"ಬರ್ತದೆ. ಆಸ್ಪತ್ರೇಲಿ ಮಾಡಿದೀನಿ. ಈಗಲೇ ನೋಡಿದ್ರೆ ಯಾವ ಕಡೆ ಇದೆ ಅಂತ ಹೇಳ್ತೀನಿ."

"ಹೋದ್ ಸಲ ನಾನು ಅವಳ ಕೈ ಹಿಡ್ಕೊಂಡು ಸುಮ್ನೆ ಕೂತಿದ್ದೆ ಕಣಮ್ಮ. ಕೂತಿದ್ದೇ ಬಂತು. ಇನ್ನೊಂದು ಸಲ ಹಂಗೆ ಕೂರೋ ಶಕ್ತಿ ನಂಗಿಲ್ಲ." ಅವರು ಮೂಗು ಒರೆಸಿಕೊಂಡು ಎದ್ದರು. "ಬಚ್ಚಲು ಆಗ್ಲಿ, ಕರ್ಕೊಂಡ್ ಬರ್ತೀನಿ. ಬಚ್ಚಲಿಲ್ದೆ ನನ್ನ ಮಗಳನ್ನ ನಾನೂ ಕರ್ಕೊಂಡ್ ಬರಲ್ಲ. ಆಗೋ ಹಂಗೆ ಮಾಡೋದು ನಂಗೆ ಬಿಡು."

ಮನೆಯಲ್ಲಿ ಅವರು ಏನು ಮಾಡಿದರೋ ನನಗೆ ತಿಳಿಯದು. ಭಾನುವಾರ ಬೆಳಗಾಗುವಷ್ಟರಲ್ಲಿ ಸಂಘಕ್ಕೆ ಸಂಘವೇ ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಹೆರಿಗೆ ಮನೆಯ ಹಿಂದೆ ನಿಂತಿತ್ತು. ಖರ್ಚಿಗೆ ಏನೂ ಉಳಿದಿಲ್ಲ, ಆದ್ದರಿಂದ ಶ್ರಮದಾನ ಎಂದು ಕಾರ್ಯದರ್ಶಿಗಳು ಸಾರಿದರು. ಮಗ್ಗದ ಬೀದಿಯ ಜನ ಮಗ್ಗ ನಿಲ್ಲಿಸಿ ನೋಡಲು ಬಂದರು. ವಕೀಲರು ಮಣ್ಣು ತುಳಿಯುವುದನ್ನು ನೋಡುವ ಭಾಗ್ಯ ದಿನಾ ಸಿಗುವುದಿಲ್ಲವಲ್ಲ.

ಗೋಡೆಯೇನೋ ಎದ್ದಿತು. ಮಾಕಳಿದುರ್ಗದ ಕಡೆಯಿಂದ ತಂದ ಚಪ್ಪಡಿಗಳನ್ನು ನೆಲಕ್ಕೆ ಹಾಸಿದರು. ಕಾರ್ಯದರ್ಶಿಗಳು ಬಹಳ ಹೆಮ್ಮೆಯಿಂದ ಒಂದು ಕೊಡ ನೀರು ಸುರಿದರು. ನೀರು ಹೊರಗಿನ ಮೋರಿಯ ಕಡೆ ಹೋಗದೆ ನೇರವಾಗಿ ಹೆರಿಗೆ ಕೋಣೆಯೊಳಗೆ ನುಗ್ಗಿ ಮಂಚದ ಕೆಳಗೆ ನಿಂತಿತು. ನಮ್ಮ ಮಹನೀಯರು ಇಳಿಜಾರನ್ನು ಒಳಮುಖವಾಗಿ ಮಾಡಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರು ಮಾತ್ರ ನಗಲಿಲ್ಲ. ಪಂಚೆಯನ್ನು ಇನ್ನಷ್ಟು ಬಿಗಿದು ಕಟ್ಟಿ, ಚಪ್ಪಡಿಗೆ ತಾವೇ ಹಾರೆ ಹಾಕಿದರು. ಆವತಿಯ ಹೊಲದಲ್ಲಿ ಬೆಳೆದ ಮೈ ಅದು, ಕುರ್ಚಿಯಲ್ಲಿ ಕೂತು ಮರೆತಿದ್ದರೂ ಕೈ ಮರೆತಿರಲಿಲ್ಲ. ಚಪ್ಪಡಿಗಳೆಲ್ಲ ಎದ್ದವು, ಮತ್ತೆ ಕೂತವು. ಈ ಸಲ ನೀರು ಹೇಳಿದ ಮಾತು ಕೇಳಿತು. ಒಲೆಯ ಬಾಯಿ ಗೋಡೆಯ ಹೊರಗೆ ಇರಬೇಕು, ಹೊಗೆ ಬಾಣಂತಿಗೂ ಮಗುವಿಗೂ ತಾಕಬಾರದು ಎಂದು ನಾನು ಹಟ ಹಿಡಿದೆ. ಅದನ್ನೂ ಮಾಡಿದರು.

ಉಳಿದದ್ದು ಹಂಡೆ. ಯುದ್ಧದಿಂದಾಗಿ ಅಂಗಡಿಯಲ್ಲಿ ತಾಮ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಯಾರ ಮನೆಯವರೂ ಇದ್ದ ಹಂಡೆಯನ್ನು ಕಿತ್ತು ಕೊಡುವುದಿಲ್ಲ. ಎರಡು ದಿನ ಕಳೆದು ಒಂದು ಗಾಡಿ ಬಂತು. ಒಳಗೆ ಹುಲ್ಲಿನ ಮೇಲೆ ಒಂದು ಹಳೆಯ ಹಂಡೆ, ಹುಣಸೆಹಣ್ಣಿನಲ್ಲಿ ಬೆಳಗಿದ್ದು ಥಳಥಳ ಎನ್ನುತ್ತಿತ್ತು. ಅಧ್ಯಕ್ಷರ ಹೆಂಡತಿಗೆ ಮದುವೆಯಲ್ಲಿ ತವರಿನವರು ಕೊಟ್ಟ ಹಂಡೆ. ಅವರ ಬಾಣಂತನಗಳೆಲ್ಲ ಅದರ ನೀರಿನಲ್ಲೇ ಆಗಿದ್ದವು. ಹಾಗಾದರೆ ಮನೆಯಲ್ಲಿ ಸ್ನಾನಕ್ಕೆ ಏನು ಮಾಡುತ್ತಾರೆ ಎಂದು ಗಾಡಿಯವನನ್ನು ಕೇಳಿದೆ. "ಯಜಮಾನ್ರು ತಣ್ಣೀರು ಹುಯ್ಕೊತಾವ್ರೆ" ಎಂದ.

ಮಗಳನ್ನು ಪರೀಕ್ಷೆ ಮಾಡಿದೆ. ಮಗು ಅಡ್ಡ ಇರಲಿಲ್ಲ, ಆದರೆ ತಲೆ ಮೇಲಾಗಿ ಕೂತಿತ್ತು. ತಿರುಗಿಸಲು ನೋಡಿದೆ, ತಿರುಗಲಿಲ್ಲ. ಹೆರಿಗೆಯಲ್ಲಿ ಕಾಲು ಮೊದಲು ಬರುತ್ತದೆ, ಕಷ್ಟ, ಆದರೆ ಆಗದ ಕೆಲಸವಲ್ಲ ಎಂದು ತಾಯಿ ಮಗಳಿಬ್ಬರಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ. ಬೆಂಗಳೂರಿಗೆ ಹೋಗುವುದಾದರೆ ಈಗಲೇ ಹೋಗಬಹುದು ಎಂದೂ ಹೇಳಿದೆ. ಮಗಳು ನನ್ನನ್ನೇ ನೋಡಿ, "ನೀವು ಇರ್ತೀರಲ್ಲ?" ಎಂದಳು. ಇರುತ್ತೇನೆ ಎಂದೆ.

ಯುಗಾದಿಗೆ ಇನ್ನೂ ಕೆಲವು ದಿನ ಇದ್ದಾಗ, ಒಂದು ಬೆಳಿಗ್ಗೆ, ನೋವು ಶುರುವಾಗಿ ಅವಳನ್ನು ಗಾಡಿಯಲ್ಲಿ ಕರೆತಂದರು. ಬಿಸಿಲೇರುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಎದುರಿನ ಮರದ ಕೆಳಗೆ ಸೇರಿದ್ದರು. ನನಗೆ ಚೆನ್ನಾಗಿ ಗೊತ್ತಿತ್ತು. ಈ ಮಗುವಿಗೆ ಏನಾದರೂ ಆದರೆ ವಾಚನಾಲಯದ ಕುರ್ಚಿಗಳು ಬರುವುದಷ್ಟೇ ಅಲ್ಲ, ಈ ಊರಿನಲ್ಲಿ ಇನ್ನು ಯಾವ ಹೆಂಗಸೂ ಇಂಥ ಮನೆಯ ಹೊಸಿಲು ತುಳಿಯುವುದಿಲ್ಲ. ಅದೆಲ್ಲ ಬಾಗಿಲ ಹೊರಗೆ ಇರಲಿ ಎಂದು ಬಾಗಿಲು ಹಾಕಿಕೊಂಡೆ. ಆ ಹೊತ್ತಿಗೆ ನನಗೆ ಇದ್ದದ್ದು ಅವಳೊಬ್ಬಳೇ.

ಕಾಲು ಬಂತು, ಸೊಂಟ ಬಂತು. ಎಳೆಯಬಾರದು, ಕಾಯಬೇಕು. ನನ್ನ ಕೆಲಸದಲ್ಲಿ ಕಷ್ಟವಾದದ್ದು ಕಾಯುವುದೇ. ಅಧ್ಯಕ್ಷರ ಹೆಂಡತಿ ಮಗಳ ಕೈ ಹಿಡಿದು, "ಕೂತೇ ಇರ್ಲಾ, ಏನಾದ್ರೂ ಮಾಡ್ಲಾ?" ಎಂದು ನನ್ನನ್ನು ಕೇಳುತ್ತಿದ್ದರು. "ಬೆನ್ನು ಹಿಡೀರಿ" ಎಂದೆ, ಹಿಡಿದರು. ತೋಳು ಬಂತು. ತಲೆ ನಿಂತಿತು. ಆ ಗಳಿಗೆಯಲ್ಲಿ ನನಗೂ ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೆ ಭಯ ಎದೆಯಲ್ಲಿತ್ತು, ಕೈಯಲ್ಲಿರಲಿಲ್ಲ. ಮಗುವನ್ನು ನನ್ನ ತೋಳಿನ ಮೇಲೆ ಮಲಗಿಸಿಕೊಂಡು, ಬೆರಳಿನಿಂದ ಗದ್ದವನ್ನು ಬಗ್ಗಿಸಿ, ಆಸ್ಪತ್ರೆಯಲ್ಲಿ ಕಲಿತ ಹಾಗೆ ತಲೆಯನ್ನು ಮೆಲ್ಲಗೆ ಹೊರಗೆ ತಂದೆ. ಹೆಣ್ಣು ಮಗು. ಮೈ ನೀಲಿಗೆ ತಿರುಗಿತ್ತು. ಬಾಯಿ ಒರೆಸಿದೆ, ಬೆನ್ನು ಉಜ್ಜಿದೆ, ಮತ್ತೂ ಉಜ್ಜಿದೆ. ಆಮೇಲೆ ಅತ್ತಿತು.

ಬಾಗಿಲು ತೆಗೆದು ಬಿಸಿನೀರು ಎಂದು ಕೂಗಿದಾಗ ತಿಳಿಯಿತು, ಗೋಡೆಯ ಹೊರಗೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಳಗಿನಿಂದ ಸೌದೆ ಒಟ್ಟುತ್ತಿದ್ದವರು ಅಧ್ಯಕ್ಷರು. ಆಳಿಗೆ ಬಿಟ್ಟಿರಲಿಲ್ಲ. ಮುಖವೆಲ್ಲ ಮಸಿ. "ಅವಳು ಹೇಗಿದಾಳಮ್ಮ?" ಎಂದು ಕೇಳಿದರು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಆ ಒಂದು ಮಾತಿಗೆ ನಾನು ಅವರ ಮೇಲಿದ್ದ ಸಿಟ್ಟನ್ನೆಲ್ಲ ಬಿಟ್ಟೆ.

ಮೂರನೆಯ ದಿನ ನೀರು. ಹುಯ್ಯಲು ಮಗ್ಗದ ಬೀದಿಯ ಅಜ್ಜಿಯನ್ನೇ ಕರೆಸಿದೆ. ಅವಳಿಗೂ ನನಗೂ ಮೊದಲೇ ಕರಾರಾಗಿತ್ತು: ನಾನು ಕೈಯಿಟ್ಟು ಒಪ್ಪಿದಷ್ಟು ಬಿಸಿ, ಅವಳು ಹುಯ್ದಷ್ಟು ಹೊತ್ತು. ಹೊರಗೆ ಒಲೆಯ ಮುಂದೆ ಅಂದೂ ಅಧ್ಯಕ್ಷರೇ ಕೂತಿದ್ದರು. ಅಜ್ಜಿ ಸೊಂಟಕ್ಕೆ ಚೊಂಬು ಬೀಸಿ ಹುಯ್ಯುತ್ತಿದ್ದರೆ ಆ ಹುಡುಗಿ ಕಣ್ಣು ಮುಚ್ಚಿ, "ಹಾ, ಅಲ್ಲೇ ಅಜ್ಜಿ, ಅಲ್ಲೇ" ಎನ್ನುತ್ತಿದ್ದಳು. ಲಕ್ಕಿಸೊಪ್ಪಿನ ವಾಸನೆ ಕೋಣೆಯನ್ನೆಲ್ಲ ತುಂಬಿತ್ತು. ಹುಯ್ಯುತ್ತಲೇ ಅಜ್ಜಿ ಯಾರ ಮುಖವನ್ನೂ ನೋಡದೆ ಕೇಳಿದಳು.

"ನಮ್ಮ ಸೊಸೆಗೆ ಇದು ತುಂಬಿದ ತಿಂಗಳು. ಕರ್ಕೊಂಡ್ ಬರಣಾ ಅಂತಿದ್ದೆ. ಈ ಹಂಡೆ ಇಲ್ಲೇ ಇರ್ತದೋ, ಇಲ್ಲಾ ಅಮ್ಮೋರು ಮನೆಗೆ ತಗೊಂಡೋಗ್ತಾರೋ?"

ನಾನು ಅಧ್ಯಕ್ಷರ ಹೆಂಡತಿಯ ಕಡೆ ನೋಡಿದೆ. ಮಗು ಅವರ ಚಾಚಿದ ಕಾಲ ಮೇಲೆ ಮಲಗಿತ್ತು. ಅವರು ಎಣ್ಣೆ ಹಚ್ಚುತ್ತಿದ್ದ ಕೈಯನ್ನು ನಿಲ್ಲಿಸಲೂ ಇಲ್ಲ.

"ಹಂಡೆ ಇಲ್ಲೇ ಇರ್ತದೆ" ಎಂದರು. ಆಮೇಲೆ ನನ್ನ ಕಡೆ ಗದ್ದ ಎತ್ತಿ, "ಇವಳೂ ಇಲ್ಲೇ ಇರ್ತಾಳೆ" ಎಂದರು.

ಇಲ್ಲೇ ಇರುತ್ತಾಳೆ ಎಂದು ನನ್ನ ಬಗ್ಗೆ ಅದುವರೆಗೆ ಯಾರೂ ಅಷ್ಟು ಸಲೀಸಾಗಿ ಹೇಳಿರಲಿಲ್ಲ. ಅವರೆದುರಿಗೆ ಅಳಬಾರದೆಂದು ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಅಧ್ಯಕ್ಷರು ಹೊಗೆಯಿಂದ ಮುಖ ಪಕ್ಕಕ್ಕೆ ತಿರುಗಿಸಿ, ಸಾಕೇ ಎಂಬಂತೆ ನನ್ನನ್ನು ನೋಡಿದರು.

"ಇನ್ನೆರಡು ಸೌದೆ ಹಾಕಿ ಸ್ವಾಮಿ, ನೀರು ಇನ್ನೂ ಬೇಕು" ಎಂದೆ.